ಲೈಲ್ ಕಟ್ಟಿದ ಎಂಜಿನ್

1998ರ ಅಕ್ಟೋಬರ್ 13, ಮಂಗಳವಾರ. ಬೆಳಿಗ್ಗೆ 9.10ಕ್ಕೆ ಇಂಡಿಯಾನಾದ ಹಾರ್ಗಿಸ್ ಕೌಂಟಿ ಪೊಲೀಸ್ ಠಾಣೆಗೆ ಗಾರ್ಡನ್ ಪೆಲ್ಫ್ರಿ ಎಂಬ ನಿವೃತ್ತ ಅಂಚೆಯವನು ಬಂದ.

"ನನ್ನ ಕಾರಿನ ಎಂಜಿನ್ ಕಳುವಾಗಿದೆ."

"ಕಾರು ಎಲ್ಲಿದೆ?" ಡಿಟೆಕ್ಟಿವ್ ಐರೀನ್ ಕುಬಿಯಾಕ್ ಕೇಳಿದಳು.

"ಹೊರಗೆ ನಿಂತಿದೆ. ಅದ್ರಲ್ಲೇ ಬಂದೆ."

"ಎಂಜಿನ್ ಇಲ್ದೆ ಬಂದ್ರಾ? ಪೆಟ್ರೋಲ್ ಉಳೀತು ಬಿಡಿ," ಎಂದ ಕಾನ್‌ಸ್ಟೆಬಲ್ ಟೆರೆಲ್ ಓಕ್ಸ್.

ಗಾರ್ಡನ್ ನಗಲಿಲ್ಲ. ಒಂದು ಫೋಟೋ ಮುಂದಿಟ್ಟ. 1956ರ ಮಾದರಿಯ ಈ ಹಳೆ ಶೆವ್ರೊಲೆ ಕಾರು ಕೊಂಡ ದಿನ ಎಂಜಿನ್ನಿನ ಮುಂಭಾಗದಲ್ಲಿ ಕೊರೆದಿದ್ದ ನಂಬರಿನ ಚಿತ್ರ ತೆಗೆದಿದ್ದ. ಕಾರು ಪ್ರದರ್ಶನಕ್ಕೆಂದು ಮೊನ್ನೆ ಒರೆಸುವಾಗ ನೋಡಿದರೆ ಅಲ್ಲಿ ಬೇರೆಯೇ ನಂಬರು. ಕಾರು ಈಚೆಗೆ ಬೇರೆಯವರ ಕೈಗೆ ಹೋಗಿದ್ದು ಒಂದೇ ಸಲ, ಆಗಸ್ಟ್‌ನಲ್ಲಿ, ಗೇರ್‌ಬಾಕ್ಸಿನ ಎಣ್ಣೆ ಸೋರುತ್ತದೆಂದು ವರ್ನಾ ಸೈಜ್‌ಮೋರ್ ಅವರ ಗ್ಯಾರೇಜಿಗೆ. ದೂರು ದಾಖಲಾಯಿತು.

ಹಳೆ ಕಾರುಗಳ ಹುಚ್ಚಿದ್ದ ಟೆರೆಲ್ ಫೋಟೋವನ್ನು ಬೆಳಕಿಗೆ ಹಿಡಿದ.

"ಮೇಡಂ, ಇವರ ಕಾರು ಆಟೋಮ್ಯಾಟಿಕ್. ಆದ್ರೆ ಈ ನಂಬರಿನ ಕೊನೇ ಅಕ್ಷರ ಕೈಯಲ್ಲಿ ಹಾಕೋ ಗೇರಿಂದು. ಕಳುವಾದ ಎಂಜಿನ್ನೂ ಈ ಕಾರಿಂದಲ್ಲ, ಯಾರೋ ಹಿಂದೇನೇ ಕೂರಿಸಿದ್ದು."

"ಹಾಗಾದ್ರೆ ಯಾರ ಕಾರಿಂದು?"

ಎರಡು ದಿನ ಹಳೆಯ ನೋಂದಣಿ ಕಡತಗಳನ್ನು ಮಗುಚಿ ಹಾಕಿದರು. ಗುರುವಾರ ಮಧ್ಯಾಹ್ನ ಆ ನಂಬರು ಸಿಕ್ಕಿತು. ಮಾಲೀಕನ ಹೆಸರು ಲೈಲ್ ಸೈಜ್‌ಮೋರ್. 1979ರಲ್ಲಿ ಸತ್ತಿದ್ದ. ವರ್ನಾಳ ಗಂಡ.

ಶುಕ್ರವಾರ 10.20ಕ್ಕೆ ಇಬ್ಬರೂ ಶೋಧನಾ ವಾರಂಟ್ ಹಿಡಿದು ಗ್ಯಾರೇಜಿಗೆ ಹೋದರು. ಹಿಂದಿನ ಶೆಡ್ಡಿನಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬರೀ ಎಂಜಿನ್ ಇತ್ತು. ಪಕ್ಕದಲ್ಲಿ ಬ್ಯಾಟರಿ, ಪೆಟ್ರೋಲ್ ಡಬ್ಬ, ಒಂದು ಮಡಚುವ ಕುರ್ಚಿ. ಟೆರೆಲ್ ನಂಬರು ಓದಿದ. ಫೋಟೋದ್ದೇ.

"ನೀವೇ ಬದಲಾಯಿಸಿದ್ರಾ?"

"ಹೌದಮ್ಮ," ಎಂದಳು ಅರವತ್ತಾರರ ವರ್ನಾ, ಕೈ ಒರೆಸಿಕೊಳ್ಳುತ್ತಾ. "ಅವನಿಗೆ ಇದಕ್ಕಿಂತ ಒಳ್ಳೇದೇ ಕೂರಿಸಿ ಕೊಟ್ಟಿದೀನಿ."

"ಕೇಳಿ ತಗೋಬಹುದಿತ್ತಲ್ಲ?"

"ಕೇಳ್ದೆ. 'ಮುದುಕಿಗೆ ತಲೆ ಕೆಟ್ಟಿದೆ' ಅಂತ ನಕ್ಕ."

ಲೈಲ್ ಕೊನೆಯ ಚಳಿಗಾಲವನ್ನೆಲ್ಲ ಈ ಎಂಜಿನ್ ಬಿಚ್ಚಿ ಕಟ್ಟುವುದರಲ್ಲೇ ಕಳೆದಿದ್ದ. ಕೈಗೆ ಬಲ ಇಲ್ಲದಾದಾಗ ಅವನು ಹೇಳುತ್ತಿದ್ದ, ಇವಳು ಬೋಲ್ಟ್ ಬಿಗಿಯುತ್ತಿದ್ದಳು. ಅವನು ತೀರಿಕೊಂಡ ತಿಂಗಳೇ ಅವನ ಅಣ್ಣ ಇವಳನ್ನು ಕೇಳದೆ ಕಾರು ಮಾರಿಬಿಟ್ಟ. ಹತ್ತೊಂಬತ್ತು ವರ್ಷ ವರ್ನಾ ಕಂಡಕಂಡ ಶೆವ್ರೊಲೆಯ ಬಾನೆಟ್ ಎತ್ತಿ ನಂಬರು ನೋಡಿದ್ದಳು. ಆಗಸ್ಟ್‌ನಲ್ಲಿ ಗಾರ್ಡನ್‌ನ ಕಾರಿನಲ್ಲಿ ಅದು ಸಿಕ್ಕಿತ್ತು.

"ಅವನ ಫೋಟೋ ಇದೆ, ಅಂಗಿ ಇದೆ," ಎಂದಳು ವರ್ನಾ. "ಆದ್ರೆ ಆ ಸದ್ದು ಇರ್ಲಿಲ್ಲ. ದಿನಾ ಅವನು ಕೆಲಸಕ್ಕೆ ಹೋಗೋವಾಗ ನಾನು ಅಡುಗೆಮನೇಲಿ ನಿಂತು ಕೇಳ್ತಿದ್ನಲ್ಲ, ಅದು."

ಜಪ್ತಿ ಪಟ್ಟಿ ಬರೆಯಲಾಯಿತು. ಮುಟ್ಟುಗೋಲು ಹಾಕಿದ ವಸ್ತು ಚಾಲನೆಯಲ್ಲಿದೆಯೇ ಎಂಬ ಅಂಕಣದ ಮುಂದೆ ಐರೀನಳ ಪೆನ್ನು ನಿಂತಿತು.

"ಇದನ್ನ ಪರೀಕ್ಷಿಸ್ಬೇಕು. ಸ್ಟಾರ್ಟ್ ಮಾಡಿ."

ವರ್ನಾ ಸ್ಟಾರ್ಟ್ ಮಾಡಿ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದಳು. ಟೆರೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಡಬ್ಬದ ಪೆಟ್ರೋಲ್ ಮುಗಿಯುವವರೆಗೆ ಐರೀನ್ ಅದನ್ನು ಓಡಲು ಬಿಟ್ಟಳು.

ಬಂಧನದ ಸಮಯ 11.35 ಎಂದು ದಾಖಲಾಗಿದೆ.