ಒಂದು ಕೈಯಲ್ಲಿ ಇದ್ದಲು, ಒಂದು ಕೈಯಲ್ಲಿ ಜಿನ್

ಬೆಳಗ್ಗೆ ಎದ್ದು ಪರದೆ ಸರಿಸಿದರೆ ಅಂಗಳದಲ್ಲಿ ಡೂಗಲ್‌ನ ಕಾರು ಕಾಣಲಿಲ್ಲ. ಹೇಳದೆ ಕೇಳದೆ ಹೊರಟೇಬಿಟ್ಟ ಅಂದುಕೊಂಡೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದರೆ ಕಾರು ಇದ್ದಲ್ಲೇ ಇತ್ತು, ರಾತ್ರಿಯ ಹಿಮದಡಿ ಹೂತುಹೋಗಿತ್ತು ಅಷ್ಟೆ.

ಹೋದ ಅಂದುಕೊಂಡಾಗ ದುಃಖವಾಗಲಿಲ್ಲ. ಇದ್ದಾನೆ ಎಂದು ತಿಳಿದಾಗ ಸಮಾಧಾನವೂ ಆಗಲಿಲ್ಲ. ಆಗೆಲ್ಲ ನಾನು ಹಾಗೇ ಇದ್ದೆ.

ಡೂಗಲ್ ನನ್ನ ಗಂಡ. ಮದುವೆಯಾದಾಗಿನಿಂದ ಅವನ ಕೆಲಸ ಸಮುದ್ರದ ನಡುವೆ ಎಣ್ಣೆ ತೆಗೆಯುವ ರಿಗ್‌ನಲ್ಲಿ. ಮೂರು ವಾರ ಅಲ್ಲಿ, ಮೂರು ವಾರ ಇಲ್ಲಿ. ಕಳೆದ ಶರತ್ಕಾಲದಲ್ಲಿ ಆ ಕೆಲಸ ಮುಗಿದು ಮನೆಗೇ ಬಂದುಬಿಟ್ಟ. ಅವನಿಲ್ಲದೆ ಮನೆ ನಡೆಸುವುದು ನನಗೆ ಅಷ್ಟು ಚೆನ್ನಾಗಿ ರೂಢಿಯಾಗಿತ್ತೆಂದರೆ, ಅವನನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಅವನೋ, ಬಾಡಿಗೆದಾರನ ಹಾಗೆ ಬಾಗಿಲು ತಟ್ಟಿ ಅಡುಗೆಮನೆಗೆ ಬರುತ್ತಿದ್ದ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ನಾವು ಆಡಲಿಲ್ಲ, ಮೆಲ್ಲಗೆ ಮರಗಟ್ಟಿದೆವು.

ಕೊನೆಗೆ ಅವನು ಅಬರ್ಡೀನ್ ನಗರದಲ್ಲಿ ಒಂದು ಫ್ಲಾಟ್ ನೋಡಿಕೊಂಡ. ಶನಿವಾರ, ಅಂದರೆ ಮರುದಿನ, ಹೊರಡುವುದು. ಅದಕ್ಕೆ ಮೊದಲು ಶುಕ್ರವಾರ ಸಂಜೆ ಶಾಲೆಯಿಂದ ಬಂದ ಮಗಳಿಗೆ ಇಬ್ಬರೂ ಕೂತು ಹೇಳಬೇಕು ಎಂದು ಒಪ್ಪಂದವಾಗಿತ್ತು.

ಆ ಶುಕ್ರವಾರ ಬೆಳಗಾಗುವಷ್ಟರಲ್ಲೇ ಹೀಗೆ ಹಿಮ ಸುರಿದಿತ್ತು. ಶಾಲೆ ಇಲ್ಲ ಎಂದು ಫೋನಿಗೆ ಸಂದೇಶ ಬಂತು. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಲಾರಿ ನಮ್ಮ ಕಣಿವೆಯ ಕಡೆ ತಲೆಯೇ ಹಾಕಲಿಲ್ಲ.

“ಅಮ್ಮಾ! ಅಪ್ಪಾ! ಶಾಲೆ ಬಂದ್!” ಐಲ್ಸಾ ಮಂಚದಿಂದ ಮಂಚಕ್ಕೆ ಓಡಿದಳು. ನಾವು ಬೇರೆ ಬೇರೆ ಕೋಣೆಯಲ್ಲಿ ಮಲಗಿದ್ದರಿಂದ ಪಾಪ ಅವಳಿಗೆ ಓಟ ಜಾಸ್ತಿಯಾಯಿತು.

ಪಕ್ಕದ ಮನೆಯಿಂದ ನನ್ನ ಅತ್ತೆ ಎಫೀ ಸಲಿಕೆ ಹಿಡಿದು ಬಂದರು. ಅಬರ್ಡೀನ್ ಫ್ಲಾಟಿನ ವಿಷಯ ಅವರಿಗೂ ಗೊತ್ತಿರಲಿಲ್ಲ.

“ಲೋ ಡೂಗಲ್, ಕುರಿ ಮೇವಿನ ಚೀಲ ತಂದಿದ್ದೀನಿ, ಒಳಗೆ ಹುಲ್ಲು ತುಂಬು. ಅಂಗಡಿ ಜಾರುಬಂಡಿ ಎಲ್ಲ ಪೇಟೆಯವರಿಗೆ.”

ಗುಡ್ಡದ ಮೇಲೆ ಐಲ್ಸಾ ಚೀಲದ ಮೇಲೆ ಕೂತು ಕಿರುಚುತ್ತ ಜಾರಿದಳು. ಅತ್ತೆ ಕೂಡ ಜಾರಿದರು, ಟೋಪಿ ಒಂದು ಕಡೆ, ಅವರು ಒಂದು ಕಡೆ. ನಾನು ಕೋಟಿನ ಜೇಬಿನಲ್ಲಿ ಕೈ ಹಾಕಿ ನಿಂತು ನಗಬೇಕಾದ ಕಡೆ ನಕ್ಕೆ.

“ನೀನೂ ಬಾ, ಮಾರ್ವೆನ್,” ಅಂದ ಡೂಗಲ್.

“ನಂಗ್ಯಾಕೆ? ಸೊಂಟ ಮುರ್ಕೊಳ್ಳೋಕಾ?”

“ಹಿಂದೆ ಕೂತ್ಕೋ. ಮುರಿದ್ರೆ ಮೊದಲು ನಂದೇ ಮುರಿಯುತ್ತೆ.”

“ಹಾಗಾದ್ರೆ ಬರ್ತೀನಿ.”

ಅವನ ಹಿಂದೆ ಕೂತು ಕೋಟು ಹಿಡಿದೆ. ಅರ್ಧ ಗುಡ್ಡದಲ್ಲಿ ಚೀಲ ತಿರುಗಿ, ನಾವಿಬ್ಬರೂ ಉರುಳಿ, ನನ್ನ ಬಾಯಿತುಂಬ ಹಿಮ. ಎದ್ದು ನೋಡಿದರೆ ಅವನ ಕಪ್ಪು ಹುಬ್ಬು ಬಿಳಿಯಾಗಿತ್ತು. ಅವನು ನನ್ನನ್ನೇ ನೋಡುತ್ತಿದ್ದ, ಕೈಗವಸು ತೆಗೆದು, ನನ್ನ ಕೆನ್ನೆಯ ಮೇಲಿನ ಹಿಮ ಒರೆಸಲೋ ಬೇಡವೋ ಎಂದು ಕೈಯನ್ನು ಅಲ್ಲೇ ನಿಲ್ಲಿಸಿಕೊಂಡು. ನಾನೇ ಒರೆಸಿಕೊಂಡೆ. ಅವನು ಕೈಗವಸು ಮತ್ತೆ ಹಾಕಿಕೊಂಡ.

ಯಾರಾದರೂ ನೋಡಿದ್ದರೆ ಎಷ್ಟು ಸುಖದ ಸಂಸಾರ ಅನ್ನುತ್ತಿದ್ದರು. ನನಗೂ ಅದನ್ನು ದೂರದಿಂದ ನೋಡಿದ ಹಾಗೇ ಅನ್ನಿಸುತ್ತಿತ್ತು.

ನಾಲ್ಕಕ್ಕೆಲ್ಲ ಕತ್ತಲಾಯಿತು. ಅಡುಗೆಮನೆಯಲ್ಲಿ ಎಲ್ಲರೂ ಬಾರ್ಲಿ ಸೂಪ್ ಕುಡಿಯುತ್ತಿದ್ದೆವು. ಹೇಳುವ ಹೊತ್ತು ಹತ್ತಿರವಾಗುತ್ತಿದೆ ಎಂದು ನಾನೂ ಡೂಗಲ್ಲೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ಆಗ ಅತ್ತೆ ಚಮಚ ಕೆಳಗಿಟ್ಟರು.

“ಒಂದು ಮಾತು ಹೇಳ್ಬೇಕು. ಬೈಬೇಡಿ.” ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ಹೊಸ ವರ್ಷದ ಬೆಳಗ್ಗೆ ಈ ಮನೆ ಹೊಸ್ತಿಲು ಮೊದಲು ದಾಟಿದೋಳು ನಾನೇ. ಹಾಲು ಮುಗಿದಿತ್ತು, ಮರೆತು ಬಂದ್ಬಿಟ್ಟೆ.”

ನಮ್ಮ ಕಡೆ ಹೊಸ ವರ್ಷದಲ್ಲಿ ಮನೆಯೊಳಗೆ ಮೊದಲು ಕಾಲಿಡುವವನು ಕಪ್ಪು ಕೂದಲಿನ ಗಂಡಸಾಗಿರಬೇಕು. ಒಂದು ಕೈಯಲ್ಲಿ ಇದ್ದಲು, ಇನ್ನೊಂದರಲ್ಲಿ ಕುಡಿಯಲು ಏನಾದರೂ ಇರಬೇಕು. ಆಗ ಮನೆಗೆ ವರ್ಷವೆಲ್ಲ ಒಳ್ಳೆಯದು. ಈ ಸಲ ಡೂಗಲ್ ಆ ಶಾಸ್ತ್ರಕ್ಕೆ ಹೊರಗೆ ಹೋಗಲಿಲ್ಲ, ನಾನೂ ಕಳಿಸಲಿಲ್ಲ. ನಡುರಾತ್ರಿಯ ಗಂಟೆ ಬಾರಿಸುವ ಮೊದಲೇ ದೀಪ ಆರಿಸಿ ಮಲಗಿದ್ದೆವು.

“ಬಿಳಿ ತಲೆ! ಬರಿಗೈ! ಸಾಲದು ಅಂತ ಹೆಂಗಸು!” ಅತ್ತೆ ಅಳತೊಡಗಿದರು. “ಆವತ್ತಿಂದ ನೋಡ್ತಾ ಇದ್ದೀನಿ, ನೀವಿಬ್ಬರೂ ನೆಟ್ಟಗೆ ಒಂದು ಮಾತಾಡ್ತಿಲ್ಲ. ನಿಮ್ಮ ಸಂಸಾರಕ್ಕೆ ನಾನೇ ಕಲ್ಲು ಹಾಕ್ದೆ.”

“ಅಮ್ಮಾ, ಅದು ನಿನ್ನಿಂದ ಅಲ್ಲ,” ಅಂದ ಡೂಗಲ್.

“ಮತ್ಯಾರಿಂದ?”

ಅವನು ನನ್ನ ಕಡೆ ನೋಡಿದ. ನಾನು ಸೂಪ್ ನೋಡಿದೆ.

“ಅಜ್ಜಿ, ಅಪ್ಪ ಈಗ ಹೊರಗೆ ಹೋಗಿ ಮತ್ತೆ ಬಂದ್ರೆ ಆಗಲ್ವಾ?” ಅಂದಳು ಐಲ್ಸಾ.

ಅತ್ತೆ ಕಣ್ಣೊರೆಸಿಕೊಂಡು ಎದ್ದೇಬಿಟ್ಟರು. ಒಲೆಯ ಪಕ್ಕದ ಬಕೆಟ್ಟಿನಿಂದ ಇದ್ದಲಿನ ತುಂಡು ಮಗನ ಕೈಗಿಟ್ಟರು. ವಿಸ್ಕಿಯನ್ನು ಹಬ್ಬಕ್ಕೆ ಅವರೇ ಮುಗಿಸಿದ್ದರು. ಬೀರುವಿನ ಮೇಲೆ ತಡಕಾಡಿ ಒಂದು ಬಾಟಲಿ ಇಳಿಸಿದರು. “ಇದೇ ಆಗುತ್ತೆ.”

ಅದು ನಮ್ಮ ಜಿನ್. ಗುಡ್ಡದ ಪೊದೆಗಳ ಕಾಯಿ ಹಾಕಿ ನಮ್ಮ ಕಣಿವೆಯಲ್ಲೇ ತಯಾರಿಸುವ ಮದ್ಯ. ಡೂಗಲ್ ರಿಗ್‌ನಿಂದ ಬಂದ ಸಂಜೆ, ಬೂಟು ಬಿಚ್ಚುವ ಮೊದಲೇ, ನಮಗೆ ಒಂದೊಂದು ಗ್ಲಾಸ್. ಎಷ್ಟೋ ವರ್ಷ ಅದೇ ನಮ್ಮ ಹಬ್ಬವಾಗಿತ್ತು. ಮನೆಗೇ ಬಂದ ಮೇಲೆ ಬಾಟಲಿ ತೆರೆಯಲಿಲ್ಲ. ಹೋಗುವುದೇ ಇಲ್ಲದವನು ಬಂದ ದಿನ ಅಂತ ಯಾವುದನ್ನು ಕರೆಯುವುದು?

ಹಿಂಬಾಗಿಲಿನಿಂದ ಅವನನ್ನು ದಬ್ಬಿ ಅತ್ತೆ ನನಗೆ ಹೇಳಿದರು: “ಬಾಗಿಲು ನೀನೇ ತೆಗೀಬೇಕು ಕಣೇ. ಮನೆಯೊಡತಿ ತೆಗೀದೆ ಅವನು ತಾನಾಗಿ ಬರೋ ಹಾಗಿಲ್ಲ.” ಮೊಮ್ಮಗಳನ್ನು ಕರೆದುಕೊಂಡು ಟಿವಿ ಕೋಣೆಗೆ ನಡೆದರು.

ಮುಂಬಾಗಿಲು ತಟ್ಟಿದ ಸದ್ದು. ಚಿಲಕದ ಮೇಲೆ ಕೈಯಿಟ್ಟು ನಿಂತೆ. ನಾಳೆ ಹೋಗುವವನಿಗೆ ಇಂದು ಬಾಗಿಲು ತೆಗೆಯುವ ಆಟ ಯಾಕೋ ಬೇಡವೆನಿಸಿತು.

“ಮಾರ್ವೆನ್,” ಹೊರಗಿನಿಂದ ಮೆಲ್ಲಗೆ ಕರೆದ. “ಅಮ್ಮನಿಗೋಸ್ಕರ ತೆಗೀಬೇಡ.”

“ಮತ್ತೆ ಯಾರಿಗೋಸ್ಕರ?”

“ನಾನೇ ಕೇಳ್ತಿದ್ದೀನಿ, ಒಳಗೆ ಬರಲಾ ಅಂತ. ರಿಗ್ ಬಿಟ್ಟು ಬಂದ ದಿನ ಕೇಳಲೇ ಇಲ್ಲ ನೋಡು. ಬ್ಯಾಗ್ ಇಟ್ಟು ಕೂತ್ಬಿಟ್ಟೆ. ನೀನು ಕಟ್ಟಿದ್ದ ಮನೆ, ಎಲ್ಲಿ ಕೂರಬೇಕು ಅಂತ ಕೇಳೋಕೆ ನಾಚಿಕೆ ಆಯ್ತು.”

“ನಂಗೆ ಏನೂ ಅನ್ನಿಸ್ತಿಲ್ಲ ಡೂಗಲ್. ಸುಳ್ಳು ಹೇಳೋಕಾಗಲ್ಲ.”

“ನಂಗೂ ನನ್ನ ಕಾಲು ಇದೆಯೋ ಬಿದ್ದುಹೋಯ್ತೋ ಗೊತ್ತಾಗ್ತಿಲ್ಲ. ಮೊಣಕಾಲುದ್ದ ಹಿಮದಲ್ಲಿ ನಿಲ್ಸಿದ್ದೀಯ.”

ನಗು ಬಂತು. ಈ ಸಲ ನಗಬೇಕಾದ ಕಡೆ ಎಂದು ನಕ್ಕದ್ದಲ್ಲ. ಬಾಗಿಲು ತೆಗೆದೆ.

ಒಳಗೆ ಬಂದವನು ಇದ್ದಲನ್ನು ಒಲೆಗೆ ಹಾಕಿ, ಬೂಟು ಬಿಚ್ಚದೆಯೇ ಬಾಟಲಿ ತೆರೆದ. ನಾನು ಸೇಬು ಹೆಚ್ಚಿದೆ. ಗ್ಲಾಸಿಗೆ ಐಸ್ ಬದಲು ಕಿಟಕಿಯ ಹೊರಗಿನ ಹಿಮವನ್ನೇ ತುಂಬಿದ. ಜಿನ್, ಸ್ವಲ್ಪ ಟಾನಿಕ್ ವಾಟರ್, ಸೇಬಿನ ತೆಳು ಹೋಳು. ಒಲೆಯ ಮುಂದೆ ನೆಲದ ಮೇಲೆ ಕೂತೆವು.

ಮೊದಲ ಗುಟುಕಿಗೆ ನಾಲಗೆ ಚುರುಕ್ಕೆಂದಿತು. ಗುಡ್ಡದ ಮೇಲಿನ ಪೊದೆಗಳ ಆ ಕಹಿ ಪರಿಮಳ, ಅದರ ಹಿಂದೆ ಒಂಚೂರು ಸಿಹಿ. ಎಷ್ಟೋ ತಿಂಗಳಿನಿಂದ ತಿಂದದ್ದು, ಕುಡಿದದ್ದು ಯಾವುದರ ರುಚಿಯೂ ನನಗೆ ನೆನಪಿಲ್ಲ. ಇದು ಗೊತ್ತಾಯಿತು.

“ಚೆನ್ನಾಗಿದೆ,” ಅಂದೆ.

“ಹೂಂ.”

“ಬೆರಳು ನೋಯ್ತಾ ಇದೆ.”

“ಚಳಿ ಬಿಡ್ತಾ ಇದೆ, ಅದಕ್ಕೆ. ಇಲ್ಲಿ ಕೊಡು.” ನನ್ನ ಬಲಗೈ ತೆಗೆದುಕೊಂಡು ತನ್ನ ಅಂಗೈಗಳ ನಡುವೆ ಉಜ್ಜಿದ. ನೋವು ಜಾಸ್ತಿಯಾಯಿತು. ನನ್ನ ಕಣ್ಣಿಂದ ನೀರು ಇಳಿಯಿತು. ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

ಪಕ್ಕದ ಕೋಣೆಯಲ್ಲಿ ಅಜ್ಜಿ ಮೊಮ್ಮಗಳು ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು.

“ಅವಳಿಗೆ ಈಗ ಏನು ಹೇಳೋಣ?” ಅಂದ ಡೂಗಲ್, ತಲೆಯೆತ್ತದೆ.

“ಏನೂ ಹೇಳೋದು ಬೇಡ. ನಾಳೆ ಹೋಗ್ಬೇಡ.”

ಅವನ ಕೈ ನಿಂತಿತು. ನನ್ನ ಮುಖ ನೋಡಿದ, ಕೇಳಿಸಿದ್ದು ನಿಜವೇ ಎಂದು ಲೆಕ್ಕ ಹಾಕುವವನ ಹಾಗೆ. ಆಮೇಲೆ ತನ್ನ ಗ್ಲಾಸನ್ನು ಪಕ್ಕಕ್ಕೆ ಸರಿಸಿ, ಅಂಗೈ ಚಾಚಿದ.

“ಇನ್ನೊಂದು ಕೈನೂ ಕೊಡು,” ಅಂದ.

ಕೊಟ್ಟೆ.