ಗ್ರಾಫಿನಲ್ಲಿ ಇಲ್ಲದ ಬೀದಿ

"ನಮ್ಮ ಬೀದಿ ಎಲ್ಲಿ ಹೋಯ್ತು?"

ಕಂಪ್ಯೂಟರ್ ಕೋಣೆಯ ಬಾಗಿಲು ದೂಡಿಕೊಂಡು ಬಂದವಳ ದನಿಗೆ, ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗಕ್ಕೆ ಸಮೀಕ್ಷೆಗಳ ಅಂಕಿಅಂಶ ನೋಡಿಕೊಳ್ಳಲು ಹೊಸದಾಗಿ ಸೇರಿದ್ದ ಲೆಕ್ಕಿಗ ಕತ್ತೆತ್ತಿದ. ಆರ್ಥಿಕ ಬೆಳವಣಿಗೆಯ ಫಲ ಯಾರ ಮನೆವರೆಗೆ ಹೋಯಿತು ಎಂದು ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ ಅವಳು. ಎಲ್ಲರೂ ಅವಳನ್ನು ಮೆಣಸಿನಕಾಯಿ ಅಂತಲೇ ಕರೆಯುತ್ತಿದ್ದರು. ಯಾಕೆಂದು ಅವನಿಗೆ ಈಗ ತಿಳಿಯಿತು.

"ಯಾವ ಬೀದಿ ಮೇಡಂ?"

"ನಾನಿರೋ ಬೀದಿ. ಸಮೀಕ್ಷೆಗೆ ಅಂತ ಬಿಸಿಲಲ್ಲಿ ಮನೆಮನೆ ಅಲೆದು ಆದಾಯ ಕೇಳ್ಕೊಂಡು ಬಂದೆ. ಆದಾಯ ಸೊನ್ನೆ ಅಂದವರೆಲ್ಲ ಮಾಯ. ಈಗ ನಿಮ್ಮ ಗ್ರಾಫಲ್ಲಿ ಅಸಮಾನತೆ ಇಳಿದುಬಿಟ್ಟಿದೆ!"

"ಸೊನ್ನೆ ಅಂದ್ರೆ ಉತ್ತರ ಕೊಟ್ಟಿಲ್ಲ ಅಂತ ತೆಗೀತೀವಿ. ಅದು ರೂಢಿ. ಆದಾಯವೇ ಇಲ್ದೆ ಮನೆ ನಡೆಯುತ್ತಾ?"

ಅವಳ ಮೈಯೆಲ್ಲ ಉರಿದುಹೋಯಿತು. ಬಡವರನ್ನೇ ಅಳಿಸಿದರೆ ಬಡತನ ಇಳಿಯದೆ ಇನ್ನೇನು?

"ಏಳಿ. ಹೇಗೆ ನಡೆಯುತ್ತೆ ಅಂತ ತೋರಿಸ್ತೀನಿ."

ಅವನನ್ನು ನೇರವಾಗಿ ತನ್ನ ಮನೆಗೇ ಕರೆದೊಯ್ದಳು. ಅವಳನ್ನು ಸಾಕಿದ ಚಿಕ್ಕಮ್ಮ ಬ್ಯಾಗು ಹೊಲಿಯುವ ಕಾರ್ಖಾನೆಯಲ್ಲಿದ್ದವರು. ಹೊಸ ಯಂತ್ರ ಬಂತು, ಉತ್ಪಾದನೆ ದುಪ್ಪಟ್ಟಾಯಿತು, ಚಿಕ್ಕಮ್ಮ ಮನೆಗೆ ಬಂದರು. ಇವಳ ವಿದ್ಯಾರ್ಥಿವೇತನವೂ ವರ್ಷದಿಂದ ಬಂದಿರಲಿಲ್ಲ.

"ಕೂತ್ಕೊಳಪ್ಪ," ಅಂದರು ಚಿಕ್ಕಮ್ಮ. "ಕುರ್ಚಿ ಒಂದೇ ಇದೆ. ಇನ್ನೊಂದನ್ನ ಹೋದ ತಿಂಗಳು ಮಾರಿ ಊಟ ಮಾಡಿದ್ವಿ."

ಅವನು ಕೂರಲಿಲ್ಲ. ತಲೆತಗ್ಗಿಸಿ ನಿಂತೇ ಇದ್ದ. ಅದು ಅವಳಿಗೆ ಇಷ್ಟವಾಯಿತು... ಇಷ್ಟವಾಯಿತಲ್ಲ ಅಂತ ತನ್ನ ಮೇಲೆಯೇ ಸಿಟ್ಟೂ ಬಂತು.

ಮರುವಾರ, ಅವಳು ಮಾತಾಡಬೇಕಿದ್ದ ವಿಚಾರಗೋಷ್ಠಿಯ ಪೋಸ್ಟರ್ ಗೋಡೆಗೇರಿತು. ಅದೇ ಹಳೇ ಗ್ರಾಫ್, ಕೆಳಗೆ ಲೆಕ್ಕ ಹಾಕಿದವನೆಂದು ಅವನ ಹೆಸರು.

'ಇವನನ್ನ ನಂಬಿದೆನಲ್ಲ...' ಅವಳ ಕಣ್ಣು ತುಂಬಿತು.

"ಸೊನ್ನೆ ಗಿನ್ನೆ ಅಂತ ವೇದಿಕೆ ಮೇಲೆ ಬಾಯಿಬಿಟ್ಟರೆ ನಿನ್ನ ಪ್ರಬಂಧಕ್ಕೆ ನಾನು ಸಹಿ ಹಾಕೋದಿಲ್ಲ," ಎಂದು, ಅಸಮಾನತೆ ಇಳಿದಿದೆ ಅಂತಲೇ ಎಲ್ಲೆಡೆ ಹೇಳಿಕೊಂಡು ಬಂದಿದ್ದ ಅವಳ ಪಿಎಚ್.ಡಿ. ಗೈಡ್ ಮೊದಲೇ ಎಚ್ಚರಿಸಿದ್ದರು. ಐದು ವರ್ಷದ ದುಡಿಮೆ ನೀರುಪಾಲಾದರೂ ಸರಿ, ಸುಳ್ಳು ಹೇಳುವುದಿಲ್ಲ ಎಂದು ಹಲ್ಲು ಕಚ್ಚಿ ಅವಳು ವೇದಿಕೆ ಹತ್ತಿದಳು.

ಆದರೆ ಪರದೆಯ ಮೇಲೆ ಬೇರೆಯೇ ಗ್ರಾಫ್ ತೆರೆದುಕೊಂಡಿತು. ಅಸಮಾನತೆಯ ಗೆರೆ ಮೇಲೇರಿತ್ತು. ಅವಳ ಬೀದಿ ವಾಪಸ್ ಬಂದಿತ್ತು.

"ಯಾರು ಬದಲಾಯಿಸಿದ್ದು?" ಗೈಡ್ ಗುಡುಗಿದರು.

ಹಿಂದಿನ ಸಾಲಿನಲ್ಲಿ ಅವನು ಎದ್ದುನಿಂತ. "ನಾನು ಸರ್. ಪೋಸ್ಟರ್ ಮೊದಲೇ ಅಚ್ಚಾಗಿತ್ತು, ತಡೆಯೋಕಾಗಲಿಲ್ಲ. ಆ ಮನೆಯವರು ಉತ್ತರ ಕೊಟ್ಟಿದ್ರು. ನಾವೇ ಅಳಿಸಿಹಾಕಿದ್ವಿ."

ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡರು. "ಆ ಬೀದಿ ಬಗ್ಗೆ ಪೂರ್ತಿ ಹೇಳಮ್ಮ. ಪ್ರಬಂಧದಲ್ಲೂ ಇದೇ ಗ್ರಾಫ್ ಇರಲಿ."

ಗೈಡ್ ಒಪ್ಪಲೇಬೇಕಾಯಿತು. ಆದರೆ ಸಂಜೆಯೊಳಗೆ ಲೆಕ್ಕಿಗನ ಕೆಲಸ ಹೋಗಿತ್ತು.

ಗೇಟಿನ ಹತ್ತಿರ ಅವಳು ಅವನಿಗಾಗಿ ಕಾದಿದ್ದಳು. "ನಿಮ್ಮನ್ನ ಮನಸ್ಸಲ್ಲೇ ಎಷ್ಟು ಬೈದೆ ಗೊತ್ತಾ..."

"ಈಗ ನನ್ನ ಆದಾಯಾನೂ ಸೊನ್ನೆ," ಅವನು ನಕ್ಕ. "ನೀವೂ ತೆಗೆದುಹಾಕ್ತೀರಾ?"

"ಆ ಕೆಟ್ಟ ಚಾಳಿ ನಿಮ್ಮದು, ನಂದಲ್ಲ. ಮನೆಗೆ ಬನ್ನಿ. ಚಿಕ್ಕಮ್ಮ ಕುರ್ಚಿ ಒರೆಸಿಟ್ಟಿದ್ದಾರೆ."

"ಇರೋದು ಒಂದೇ. ನೀವೆಲ್ಲಿ ಕೂರ್ತೀರಾ?"

"ನಿಮ್ಮ ಪಕ್ಕದಲ್ಲಿ ನಿಂತಿರ್ತೀನಿ," ಅಂದಳು ಮೆಣಸಿನಕಾಯಿ, ಮೊದಲ ಸಲ ಮೆತ್ತಗೆ. "ಇಬ್ಬರೂ ಸೇರಿ ಇನ್ನೊಂದು ತರೋವರೆಗೂ..."