ಪೆಟ್ಟಿಗೆಯಲ್ಲಿ ಬಂದ ಮುಜಂಟಿ ಜೇನು

2025ರ ಜನವರಿ 20, ಸೋಮವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಟೈ ಕಟ್ಟಿದ ಯುವಕನೊಬ್ಬ ಪುತ್ತೂರಿನ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಹೆಸರು ಅಶ್ವಿತ್. ಶಸ್ತ್ರಚಿಕಿತ್ಸೆಯ ಸಲಕರಣೆ ಮಾರುವ ಕಂಪೆನಿಯೊಂದರ ಪ್ರತಿನಿಧಿ. ಹಿಂದಿನ ದಿನ ಊರಿನ ಸಭಾಭವನದಲ್ಲಿ ಮೂರು ತಾಲೂಕಿನ ವೈದ್ಯರಿಗಾಗಿ ರಕ್ತನಾಳದ ಶಸ್ತ್ರಚಿಕಿತ್ಸೆಯ ಕುರಿತು ತರಬೇತಿ ಶಿಬಿರ ನಡೆದಿತ್ತು. ಪ್ರದರ್ಶನದ ಮೇಜಿನ ಮೇಲಿದ್ದ ಅವನ ನೀಲಿ ಪೆಟ್ಟಿಗೆ ಕಾಣೆಯಾಗಿತ್ತು.

ಇನ್‌ಸ್ಪೆಕ್ಟರ್ ಕೃಷ್ಣಮೋಹನ ದೂರನ್ನು ಎರಡು ಸಲ ಓದಿದರು.

"ಪೆಟ್ಟಿಗೆಯಲ್ಲಿ ಎಂತ ಇತ್ತು?"

"ಬಲೂನ್ ಕ್ಯಾಥೆಟರ್ ಸರ್. ಎರಡು."

"ಅಂದ್ರೆ?"

"ಸಪೂರದ ಕೊಳವೆ. ತುದಿಯಲ್ಲಿ ಅಕ್ಕಿಕಾಳಿನಷ್ಟು ಬಲೂನು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ರೆ, ಇದನ್ನು ಹೆಪ್ಪಿನ ಆಚೆಗೆ ದಾಟಿಸಿ, ಬಲೂನು ಉಬ್ಬಿಸಿ, ಮೆಲ್ಲ ಹಿಂದೆ ಎಳೆಯುದು. ಹೆಪ್ಪು ಹೊರಗೆ ಬರ್ತದೆ."

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ತೀರ್ಥರಾಮ ತಲೆಯಾಡಿಸಿದ. ಅವನದು ಸುಳ್ಯದ ಕಡೆಯ ಆಲೆಟ್ಟಿ ಎಂಬ ಊರು. "ಬಾವಿಗೆ ಬಿದ್ದ ಕೊಡಪಾನ ತೆಗೀಲಿಕ್ಕೆ ಪಾತಾಳಗರಡಿ ಇಳಿಸ್ತೇವಲ್ಲ ಸರ್, ಹಾಗೆ."

"ಸೀಲು ಒಡೆದಿರಲಿಲ್ಲ ಸರ್," ಅಶ್ವಿತ್ ಹೇಳಿದ, "ಆದರೆ ಅವಧಿ ಮೀರಿದ ಮಾಲು. ತೋರಿಸ್ಲಿಕ್ಕೆ ಮಾತ್ರ. ಯಾರಾದ್ರೂ ಮನುಷ್ಯರ ಮೈಯೊಳಗೆ ಹಾಕಿ ಹೆಚ್ಚುಕಮ್ಮಿ ಆದ್ರೆ ಕಂಪೆನಿಯ ಗತಿ ಮುಗೀತು."

ಕಳ್ಳತನದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸಭಾಭವನದಲ್ಲಿ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಮೇಜು ಊಟದ ಕೋಣೆಗೆ ಹೋಗುವ ದಾರಿಯಲ್ಲೇ ಇತ್ತು. ಊಟದ ಹೊತ್ತಿಗೆ ಎಲ್ಲರೂ ಅದನ್ನು ಹಾದು ಹೋಗಿದ್ದಾರೆ. ಕೈತೊಳೆಯುವ ಜಾಗಕ್ಕೆ ಕ್ಯಾಮೆರಾ ಇತ್ತು, ಮೇಜಿಗೆ ಇರಲಿಲ್ಲ.

"ಊಟ ಆದ ಮೇಲೆ ಎಷ್ಟು ಡಾಕ್ಟರು ಉಳಿದ್ರು?" ಇನ್‌ಸ್ಪೆಕ್ಟರ್ ಸಭಾಭವನದ ಕಾವಲುಗಾರನನ್ನು ಕೇಳಿದರು.

"ಮೊದಲ ಸಾಲಿನವರು ಉಳಿದ್ರು ಸರ್. ಅವರು ಎದ್ದು ಹೋದ್ರೆ ಗೊತ್ತಾಗ್ತದಲ್ಲ."

ಎರಡು ದಿನ ವಿಚಾರಣೆ ನಡೆಯಿತು. ವೈದ್ಯರೆಲ್ಲ ಮರ್ಯಾದೆಯಿಂದಲೇ ಉತ್ತರಿಸಿದರು. ಏನೂ ಸಿಗಲಿಲ್ಲ. ಕೃಷ್ಣಮೋಹನರಿಗೆ ಒಂದೇ ಪ್ರಶ್ನೆ ಉಳಿದಿತ್ತು: ಮಾರಲಾಗದ ಈ ವಸ್ತು ಯಾರಿಗೆ ಬೇಕು?

ಬುಧವಾರ ಬೆಳಿಗ್ಗೆ ಸಭಾಭವನದ ಕಾವಲುಗಾರ ಠಾಣೆಗೆ ನೀಲಿ ಪೆಟ್ಟಿಗೆ ಹಿಡಿದುಕೊಂಡೇ ಬಂದ. ಯಾರೋ ಗೇಟಿನ ಒಳಗೆ ಇಟ್ಟು ಹೋಗಿದ್ದರಂತೆ. ತೆರೆದು ನೋಡಿದರೆ ಕ್ಯಾಥೆಟರ್ ಇರಲಿಲ್ಲ. ಅವು ಇದ್ದ ಜಾಗದಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಪುಟ್ಟ ಬಾಟಲಿ. ಬಾಯಿಗೆ ಮೇಣ. ಒಳಗೆ ಕಪ್ಪುಕಂದು ದ್ರವ.

"ಮುಟ್ಟಬೇಡಿ," ಎಂದರು ಇನ್‌ಸ್ಪೆಕ್ಟರ್. "ವಿಷ ಇರಬಹುದು."

ತೀರ್ಥರಾಮ ಬಗ್ಗಿ ಮೂಸಿದ. "ಮುಜಂಟಿ ಜೇನು ಸರ್. ಗೋಡೆಯ ಸಂದಿಯಲ್ಲಿ ಕೂರುವ ಸಣ್ಣ ನೊಣದ್ದು. ವರ್ಷಕ್ಕೆ ನಾಲ್ಕು ಚಮಚ ಸಿಕ್ಕಿದ್ರೆ ಪುಣ್ಯ. ಮನೆಯವರು ಮದ್ದಿಗೆ ಅಂತ ಅಡಗಿಸಿ ಇಡುದು. ಇದನ್ನು ಯಾರೂ ದಾರಿಯಲ್ಲಿ ಬಿಟ್ಟು ಹೋಗುದಿಲ್ಲ."

"ಮತ್ತೆ ಇಲ್ಲಿ ಯಾಕೆ?"

"ನಮ್ಮಲ್ಲಿ ಇನ್ನೊಬ್ಬರ ಪಾತ್ರೆ ಖಾಲಿ ವಾಪಸ್ ಕೊಡುದಿಲ್ಲ ಸರ್. ಎಂತಾದ್ರೂ ಹಾಕಿಯೇ ಕೊಡುದು."

"ಕಳ್ಳನೂ?"

"ಕಳ್ಳ ಪಾತ್ರೆ ವಾಪಸ್ ಕೊಡುದೇ ಇಲ್ಲ ಅಲ್ವಾ ಸರ್."

ಕೃಷ್ಣಮೋಹನರು ನಗಲಿಲ್ಲ. ಪೆಟ್ಟಿಗೆ ಇಟ್ಟವನು ಕದ್ದವನಲ್ಲ, ಉಪಕಾರ ಪಡೆದವನು. ಹಾಗಾದರೆ ಬಲೂನು ಈಗಾಗಲೇ ಯಾರದೋ ಕಾಲಿನೊಳಗೆ ಹೋಗಿ ಬಂದಿದೆ. ಹುಡುಕಬೇಕಾದ್ದು ಕಳ್ಳನನ್ನಲ್ಲ, ರೋಗಿಯನ್ನು. ಜಪ್ತಿ ಮಹಜರಿನಲ್ಲಿ 'ಜೇನು ಎನ್ನಲಾದ ದ್ರವ' ಎಂದು ಬರೆಸಿ, ಅಶ್ವಿತ್‌ನನ್ನು ಮತ್ತೆ ಕರೆಸಿದರು.

"ಆ ದಿನ ನಿನ್ನ ಹತ್ರ ಕ್ಯಾಥೆಟರ್ ಕೇಳಿದ್ದು ಯಾರು?"

ಅಶ್ವಿತ್ ಟೈ ಸಡಿಲಿಸಿದ. "ಒಬ್ರು ಲೇಡಿ ಡಾಕ್ಟ್ರು. ಹೆಸರು ಗೊತ್ತಿಲ್ಲ. ಊಟದ ಹೊತ್ತಿಗೆ ಫೋನ್ ಬಂತು, ಅರೆಭಾಷೆಯಲ್ಲಿ ಮಾತಾಡ್ತಾ ಇದ್ರು. ಆಮೇಲೆ ನನ್ನ ಹತ್ರ ಬಂದು ಕೊಡಿ ಅಂದ್ರು. ಡೆಮೋ ಮಾಲು, ಕೊಡ್ಲಿಕ್ಕಾಗುದಿಲ್ಲ, ಡೀಲರಿಗೆ ಆರ್ಡರ್ ಹಾಕಿ ಅಂದೆ."

"ಇದು ದೂರಿನಲ್ಲಿ ಯಾಕಿಲ್ಲ?"

"ಕೇಳಿದವರು ಇರುವಾಗ ಪೆಟ್ಟಿಗೆ ಬಿಟ್ಟು ಊಟಕ್ಕೆ ಹೋದೆ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗ್ತದೆ ಸರ್."

ಅರೆಭಾಷೆ ಎಂದರೆ ಸುಳ್ಯದ ಕಡೆ. ತೀರ್ಥರಾಮ ಆಂಬುಲೆನ್ಸ್ ಚಾಲಕರನ್ನು ಒಬ್ಬೊಬ್ಬರಾಗಿ ವಿಚಾರಿಸಿದ. ಗುರುವಾರ ಮಧ್ಯಾಹ್ನ ಕಡಬದ ತಮೀಮ್ ಸಿಕ್ಕಿದ.

"ಆದಿತ್ಯವಾರ ಕೊಲ್ಲಮೊಗ್ರಿನಿಂದ ಒಬ್ಬರು ಹೆಂಗಸನ್ನು ಸುಳ್ಯದ ನರ್ಸಿಂಗ್ ಹೋಮಿಗೆ ತಂದೆ. ಒಂದು ಕಾಲು ಬಿಳಿಚಿ ಮಂಜುಗಡ್ಡೆ ಹಾಗಿತ್ತು. ಮಂಗಳೂರಿಗೆ ಹೊರಡ್ಲಿಕ್ಕೆ ಗಾಡಿ ತಿರುಗಿಸಿ ನಿಂತಿದ್ದೆ. ಡಾಕ್ಟ್ರಮ್ಮ ಪುತ್ತೂರಿನಿಂದ ಫೋನ್ ಮಾಡಿ, ಬೇಡ, ನಾನು ಬರ್ತೇನೆ ಅಂದ್ರಂತೆ. ನನ್ನ ಬಾಡಿಗೆ ಹೋಯ್ತು ಮಾರಾಯ್ರೆ."

"ಬೇಜಾರಾ?"

"ಎಂತ ಬೇಜಾರು. ಮರುದಿನ ನೋಡ್ಲಿಕ್ಕೆ ಹೋದ್ರೆ ಆ ಕಾಲಲ್ಲೇ ನಿಂತಿದ್ರು."

ಸುಳ್ಯ ಠಾಣೆಗೆ ಮಾಹಿತಿ ಕೊಟ್ಟು, ಮಹಿಳಾ ಕಾನ್‌ಸ್ಟೇಬಲ್ ದಮಯಂತಿ ಮತ್ತು ವಸ್ತು ಗುರುತಿಸಲು ಅಶ್ವಿತ್‌ನನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ಮತ್ತು ತೀರ್ಥರಾಮ ಜೀಪಿನಲ್ಲಿ ಹೊರಟರು. ನರ್ಸಿಂಗ್ ಹೋಮ್ ತಲುಪಿದಾಗ ಐದು ಗಂಟೆ. ಗೇಟಿನ ಬಳಿ ಸ್ಟೂಲಿನಲ್ಲಿ ಕುಳಿತಿದ್ದ ಗಟ್ಟಿ ಮೈಕಟ್ಟಿನ ಕಾವಲುಗಾರ ಊರುಗೋಲು ಊರಿ ಎದ್ದು ದಾರಿ ಬಿಟ್ಟ.

ಡಾಕ್ಟರ್ ದೀಕ್ಷಿತಾ, ಮೂವತ್ತೇಳು ವರ್ಷ, ಸಾಮಾನ್ಯ ಶಸ್ತ್ರಚಿಕಿತ್ಸಕಿ, ಹೆಂಗಸರ ವಾರ್ಡಿನಲ್ಲಿದ್ದರು. ಮಂಚದಲ್ಲಿ ಕೊಲ್ಲಮೊಗ್ರಿನ ರೋಗಿ ಶೀಲಾವತಿ, ಪಕ್ಕದಲ್ಲಿ ಗಂಡ ಉದಯ.

ಪೊಲೀಸರನ್ನು ಕಂಡು ಉದಯನೇ ಮೊದಲು ಎದ್ದ. "ಪೆಟ್ಟಿಗೆ ಸಿಕ್ಕಿತಲ್ಲ ಸರ್? ನಾನೇ ಇಟ್ಟು ಬಂದದ್ದು."

"ಜೇನು?"

"ಖಾಲಿ ಹೇಗೆ ಕೊಡುದು ಸರ್?"

ದೀಕ್ಷಿತಾ ಹಣೆ ಒತ್ತಿಕೊಂಡರು. "ಉದಯಣ್ಣ, ಗೇಟಿನ ಒಳಗೆ ಇಟ್ಟು ಬನ್ನಿ ಅಂದದ್ದು ಮಾತ್ರ ನಾನು."

"ಇಟ್ಟೇ ಬಂದದ್ದಲ್ವಾ ಡಾಕ್ಟ್ರೆ."

ಇನ್‌ಸ್ಪೆಕ್ಟರ್ ಆಕೆಯ ಕೋಣೆಯಲ್ಲಿ ವಿಚಾರಣೆ ಆರಂಭಿಸಿದರು.

"ಪೆಟ್ಟಿಗೆ ತೆಗೆದದ್ದು ಯಾರು?"

"ನಾನು."

"ವಾಪಸ್ ಕಳಿಸಿದ್ದು ಯಾಕೆ?"

"ನನಗೆ ಬೇಕಾದದ್ದು ಬಲೂನು. ಪೆಟ್ಟಿಗೆ ಅವರದ್ದು."

"ಅವಧಿ ಮೀರಿದೆ ಅಂತ ಗೊತ್ತಿತ್ತಾ?"

"ಓದಿಯೇ ತೆಗೆದದ್ದು. ಅದರ ಅವಧಿ ಮೀರಿ ಎರಡು ತಿಂಗಳಾಗಿತ್ತು. ಶೀಲಕ್ಕನ ಕಾಲಿಗೆ ಉಳಿದದ್ದು ಎರಡು ಗಂಟೆ. ಮಂಗಳೂರು ಮುಟ್ಟುವಾಗ ಅದೂ ಮುಗೀತಿತ್ತು."

"ಜೀವಕ್ಕೆ ಅಪಾಯ ಆಗಿದ್ರೆ?"

"ಅಪಾಯ ಹೇಳಿಯೇ ಒಪ್ಪಿಗೆ ತಗೊಂಡದ್ದು. ಕದ್ದ ಮಾಲು ಅಂತಲೂ ಹೇಳಿದ್ದೇನೆ. ಅವರನ್ನೇ ಕೇಳಿ."

ಆಕೆ ಕಪಾಟಿನಿಂದ ಮೊಹರು ಮಾಡಿದ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಬಳಸಿದ ಕ್ಯಾಥೆಟರ್ ಎರಡೂ ಅದರಲ್ಲಿದ್ದವು. "ನೀವು ಬರ್ತೀರಿ ಅಂತ ಎತ್ತಿಟ್ಟದ್ದು."

ಅಶ್ವಿತ್ ಹೊರಗೆ ಫೋನಿನಲ್ಲಿ ಮಾತಾಡಿ ಒಳಗೆ ಬಂದ. ಅವನ ಮುಖ ಈಗ ಹಗುರಾಗಿತ್ತು. "ಸರ್, ಕಂಪೆನಿಯ ಮೇಲಿನವರು ಪ್ರಕರಣ ಮುಂದುವರಿಸುದು ಬೇಡ ಅಂತಾರೆ. ಮೇಡಂ, ಪೆಟ್ಟಿಗೆ ಅಕಸ್ಮಾತ್ ನಿಮ್ಮ ಬ್ಯಾಗಿನ ಜೊತೆ ಬಂತು ಅಂತ ಎರಡು ಸಾಲು ಬರೆದು ಕೊಟ್ರೆ ಸಾಕು."

"ಬರೀರಿ ಡಾಕ್ಟ್ರೆ," ಕೃಷ್ಣಮೋಹನರು ದನಿ ತಗ್ಗಿಸಿದರು. "ಕೇಸು ನಡೆದ್ರೆ ವೈದ್ಯಕೀಯ ಪರಿಷತ್ತಿಗೆ ವರದಿ ಹೋಗ್ತದೆ. ನಿಮ್ಮ ನೋಂದಣಿ ರದ್ದಾಗಬಹುದು. ಮತ್ತೆ ಕತ್ತರಿ ಹಿಡಿಲಿಕ್ಕಿಲ್ಲ."

"ಗೊತ್ತುಂಟು."

"ಮತ್ತೆ?"

"ಅಕಸ್ಮಾತ್ ಅಲ್ಲ ಸರ್, ಗೊತ್ತಿದ್ದೇ ತೆಗೆದದ್ದು. ಅಕಸ್ಮಾತ್ ಅಂತ ಬರೆದ್ರೆ ಇಲ್ಲಿಗೇ ಮುಗೀತದೆ. ಮುಂದಿನ ರೋಗಿ ಇನ್ನೊಂದು ಅಕಸ್ಮಾತ್‌ಗೆ ಕಾಯಬೇಕು. ಮೂರು ವರ್ಷದಿಂದ ಪ್ರತಿ ಶಿಬಿರದಲ್ಲಿ ನಮಗೆ ಇದೇ ಪಾಠ. ರಬ್ಬರ್ ಕಾಲಿನಲ್ಲಿ ಮಾಡಿ ಕಲಿತೆವು, ಚಪ್ಪಾಳೆ ತಟ್ಟಿದೆವು, ಊಟ ಮಾಡಿ ಬಂದೆವು. ಒಂದು ತರಿಸಿ ಇಡಿ ಅಂತ ಇಲ್ಲಿ ಆಡಳಿತದವರಿಗೆ ಹೇಳಿ ಬಾಯಿ ಬತ್ತಿತು. ಇಲ್ಲಿ ಯಾರಿಗೆ ಬೇಕಾಗ್ತದೆ ಅಂತಾರೆ. ಯಾರಿಗೆ ಬೇಕಾಯ್ತು ಅಂತ ನಿಮ್ಮ ಕಡತದಲ್ಲಿ ಬರಲಿ. ಕೋರ್ಟಿನಲ್ಲೂ ನಾನು ಇದನ್ನೇ ಹೇಳುದು. ನಾಳೆ ಇನ್ನೊಬ್ಬರು ಬಂದ್ರೂ ತೆಗೀತೇನೆ."

"ಅಷ್ಟು ಬರೆಸಬೇಡಿ ಮೇಡಂ," ದಮಯಂತಿ ತಡೆಯಲಾರದೆ ಹೇಳಿದಳು.

"ಅದನ್ನೇ ಮೊದಲು ಬರೀರಿ."

ಸೂರ್ಯಾಸ್ತದ ನಂತರ ಹೆಂಗಸನ್ನು ಬಂಧಿಸುವಂತಿಲ್ಲ. ಕೃಷ್ಣಮೋಹನರು ಕಿಟಕಿಯತ್ತ ನೋಡಿದರು. ಸ್ವಲ್ಪ ಎಳೆದರೆ ನಾಳೆಯಾಗುತ್ತದೆ, ನಾಳೆಗೆ ಆಕೆಯ ಮನಸ್ಸು ಬದಲಾಗಬಹುದು. ದೀಕ್ಷಿತಾರಿಗೆ ಅದು ತಿಳಿಯಿತು.

"ಬೆಳಕಿರುವಾಗಲೇ ಹೊರಡುವ ಸರ್. ಒಂದು ಕಾಲು ನೋಡಿ ಬರ್ತೇನೆ."

ಶೀಲಾವತಿಯ ಪಾದದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. ನಂತರ ದಮಯಂತಿಯ ಕೈ ಹಿಡಿದು ಅದೇ ಜಾಗಕ್ಕೆ ಒತ್ತಿದರು. ಬೆಚ್ಚಗಿನ ಚರ್ಮದಡಿ ನಾಡಿ ಹೊಡೆಯುತ್ತಿತ್ತು.

"ಎಲ್ಲಿಗೆ ಕರ್ಕೊಂಡು ಹೋಗುದು ಇವರನ್ನು?" ಶೀಲಾವತಿ ಎದ್ದು ಕುಳಿತರು. "ಕಾಲು ನನ್ನದು. ಒಳಗೆ ಹೋದದ್ದು ನನ್ನ ಕಾಲಿಗೆ. ನನ್ನನ್ನೂ ಕರ್ಕೊಂಡು ಹೋಗಿ."

"ಶೀಲಕ್ಕ, ನೀವು ಮಾತ್ರೆ ತಪ್ಪಿಸಿದ್ರೆ ನಿಮ್ಮ ಮೇಲೆ ನಾನೇ ದೂರು ಕೊಡ್ತೇನೆ," ಎಂದರು ದೀಕ್ಷಿತಾ.

ಸಂಜೆ ಐದು ಐವತ್ತಕ್ಕೆ ದಸ್ತಗಿರಿ ಪತ್ರಕ್ಕೆ ಸಹಿಯಾಯಿತು.

ಜೀಪು ಗೇಟಿಗೆ ಬಂದಾಗ ಬಾಗಿಲು ಹಾಕಿತ್ತು. ಕಾವಲುಗಾರ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಅವನ ಪ್ಯಾಂಟಿನ ಎಡಗಾಲನ್ನು ತೊಡೆಯವರೆಗೆ ಮಡಚಿ ಪಿನ್ನು ಹಾಕಿದ್ದನ್ನು ಕೃಷ್ಣಮೋಹನರು ಆಗ ಗಮನಿಸಿದರು.

"ದಾರಿ ಬಿಡಪ್ಪ," ತೀರ್ಥರಾಮ ಕೂಗಿದ.

"ಬಿಡುದಿಲ್ಲ."

"ಚೆನ್ನಪ್ಪಣ್ಣ," ದೀಕ್ಷಿತಾ ಹಿಂದಿನ ಸೀಟಿನಿಂದ ಕರೆದರು, "ತೆರೀರಿ."

ಅವನು ಊರುಗೋಲನ್ನು ಕಂಕುಳಿಗೆ ಸರಿಪಡಿಸಿಕೊಂಡ. ಆಮೇಲೆ ಬಾಗಿಲು ಸರಿಸಿ ಇನ್‌ಸ್ಪೆಕ್ಟರ ಕಿಟಕಿಗೆ ಬಗ್ಗಿದ. "ಅಡಿಕೆ ಮರ ಹತ್ತುತ್ತಿದ್ದವ ಸರ್ ನಾನು. ಹೋದ ವರ್ಷದ ಹಿಂದಿನ ವರ್ಷ ನನಗೂ ಇದೇ ಆದದ್ದು. ಈ ಡಾಕ್ಟ್ರಕ್ಕನೇ ನೋಡಿದ್ದು. ಮಾಡ್ಲಿಕ್ಕೆ ಗೊತ್ತುಂಟು, ಸಾಮಾನು ಇಲ್ಲ ಅಂತ ಹೇಳಿ ಅವರೇ ಆಂಬುಲೆನ್ಸಲ್ಲಿ ಕೂತು ಮಂಗಳೂರಿಗೆ ಬಂದ್ರು. ದಾರಿಯುದ್ದಕ್ಕೂ ನನ್ನ ಕಾಲು ಹಿಡಿದುಕೊಂಡೇ ಇದ್ರು. ಮಾಣಿ ಪೇಟೆ ದಾಟಿದ ಮೇಲೆ ಅವರು ಹಿಡಿದದ್ದು ನನಗೆ ಗೊತ್ತಾಗ್ಲಿಲ್ಲ."

ಅವನು ಹಿಂದಿನ ಸೀಟಿನತ್ತ ತಿರುಗಿದ.

"ಗೇಟು ತೆರೆದೇ ಇಡ್ತೇನೆ ಅಕ್ಕ," ಎಂದ ಚೆನ್ನಪ್ಪ. "ಬೆಳಿಗ್ಗೆ ರೌಂಡ್ಸ್ ಉಂಟಲ್ಲ."

ಆ ರಾತ್ರಿ ಪ್ರಕರಣದ ದಿನಚರಿ ಬರೆಯುವಾಗ ಇನ್‌ಸ್ಪೆಕ್ಟರ್ ಕೃಷ್ಣಮೋಹನರು, ಆರೋಪಿ ತಪ್ಪೊಪ್ಪಿಕೊಂಡಿದ್ದಾರೆ, ಪಶ್ಚಾತ್ತಾಪ ಕಂಡುಬರಲಿಲ್ಲ ಎಂದು ನಮೂದಿಸಿದರು. ಕೃತ್ಯದ ಕಾರಣ ಎಂಬಲ್ಲಿ ಪೆನ್ನು ನಿಂತಿತು. ನಂತರ, ಕಲಿತದ್ದನ್ನು ಮಾಡಲಾಗದೆ ಒಮ್ಮೆ ಒಬ್ಬನ ಕಾಲು ತನ್ನ ಕೈಯಲ್ಲೇ ತಣ್ಣಗಾದದ್ದು ಎಂದು ಬರೆದು, ಚೆನ್ನಪ್ಪನ ಹೆಸರನ್ನು ಸಾಕ್ಷಿಗಳ ಸಾಲಿನಲ್ಲಿ ಮೊದಲಿಗೆ ಸೇರಿಸಿದರು.